ಬ್ಯಾಕ್ಟೀರಿಯಾಗಳ ಕುಲ ಹುಡುಕಿದ ತಿರುಮಲಾಚಾರ್

(ಸಾಲಗುಂದದಲ್ಲಿ ರೈತರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)



ಭತ್ತ ಹೊಡೆ ತುಂಬುವ ಹೊತ್ತಿಗೆ ಮೋಡ ಮುಸುಕಿ, ಗಾಳಿ ಸಹಿತ ಮಳೆ ಎರಡು ದಿನ ಹೊಡೆದು ಹೋದರೆ ಮುಂದಿನ ಹತ್ತು ದಿನ ಸಿಂಧನೂರು ಸೀಮೆಯ ರೈತನಿಗೆ ನಿದ್ದೆ ಸರಿಯಾಗಿ ಬರುವುದಿಲ್ಲ. ಎಲೆಯ ತುದಿಯಿಂದ, ಅಂಚಿನಿಂದ ಹಳದಿ ಗೆರೆಯೊಂದು ಅಲೆ ಅಲೆಯಾಗಿ ಇಳಿಯುತ್ತ ಬರುತ್ತದೆ. ಕೆಲವೇ ದಿನಗಳಲ್ಲಿ ಆ ಎಲೆ ಒಣ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಬೆಳಗಿನ ಜಾವ ಗದ್ದೆಗೆ ಹೋದರೆ ಎಲೆಯ ಮೇಲೆ ಹಾಲಿನಂಥ ಮಸುಕು ಹನಿಗಳು ಕಾಣುತ್ತವೆ. ಬಿಸಿಲೇರಿದಂತೆ ಅವು ಒಣಗಿ ಹಳದಿ ಹರಳುಗಳಂತೆ ಎಲೆಗೆ ಅಂಟಿಕೊಳ್ಳುತ್ತವೆ. ಕೃಷಿ ಇಲಾಖೆಯ ಕರಪತ್ರಗಳಲ್ಲಿ ಇದನ್ನು ದುಂಡಾಣು ಎಲೆ ಅಂಗಮಾರಿ ರೋಗವೆಂದು ಬರೆಯುತ್ತಾರೆ. ಗೊಬ್ಬರದ ಅಂಗಡಿಗೆ ಹೋದ ರೈತ ಅಷ್ಟುದ್ದ ಹೆಸರು ಹೇಳುವುದಿಲ್ಲ. 'ಎಲಿ ಸುಡಾಕ ಹತ್ತೇತ್ರಿ, ಏನರ ಎಣ್ಣಿ ಕೊಡ್ರಿ' ಎನ್ನುತ್ತಾನೆ.

ಇಲ್ಲಿಯೇ ಒಂದು ಪೇಚು ಇದೆ. ಭತ್ತದ ಎಲೆಯನ್ನು ಸುಡುವ ರೋಗ ಒಂದೇ ಅಲ್ಲ. ಬೆಂಕಿ ರೋಗವೂ ಎಲೆಯನ್ನು ಸುಡುತ್ತದೆ. ಆದರೆ ಅದನ್ನು ತರುವುದು ಒಂದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಗೆ ಸೇರಿದ ಜೀವಿ. ಅಂಗಮಾರಿಯನ್ನು ತರುವುದು ಬ್ಯಾಕ್ಟೀರಿಯಾ. ಬೆಂಕಿ ರೋಗಕ್ಕೆ ಹೊಡೆಯುವ ಔಷಧಿಯನ್ನು ಅಂಗಮಾರಿಗೆ ಹೊಡೆದರೆ ದುಡ್ಡೂ ದಂಡ, ದಿನವೂ ದಂಡ. ಅಷ್ಟರಲ್ಲಿ ರೋಗ ಪಕ್ಕದ ಮಡಿಗೆ ದಾಟಿರುತ್ತದೆ. ಆದ್ದರಿಂದ ರೋಗಾಣುವಿನ ಕುಲ ಯಾವುದು ಎಂಬ ಪ್ರಶ್ನೆ ಪ್ರಯೋಗಾಲಯದಲ್ಲಿ ಕುಳಿತವರ ಹವ್ಯಾಸದ ಪ್ರಶ್ನೆಯಲ್ಲ. ಈ ಭಾಗದ ಹಳ್ಳಿಗಳಲ್ಲಿ ಹೊಸಬನೊಬ್ಬ ಬಂದರೆ ಹಿರಿಯರು ಮೊದಲು ಕೇಳುವುದು 'ಯಾರ ಪೈಕಿ?' ಎಂದು. ಮನೆತನ ತಿಳಿದರೆ ಆತನೊಂದಿಗೆ ಹೇಗೆ ನಡೆದುಕೊಳ್ಳಬೇಕೆಂಬುದು ಅರ್ಧ ತಿಳಿದಂತೆ. ಸೂಕ್ಷ್ಮಜೀವಿಗಳ ವರ್ಗೀಕರಣವೂ ಮೂಲತಃ ಇದೇ ಪ್ರಶ್ನೆಯನ್ನು ಕೇಳುತ್ತದೆ.

ಈ ರೋಗ ಭಾರತದಲ್ಲಿದೆ ಎಂದು ವಿಜ್ಞಾನ ಲೋಕಕ್ಕೆ ತಿಳಿಸಿದ ಬರಹ ಪ್ರಕಟವಾದದ್ದು 1959ರಲ್ಲಿ, ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಎರಡು ಪುಟದ ಟಿಪ್ಪಣಿ. ಬರೆದವರು ಮೂವರು: ಎಂ.ಸಿ. ಶ್ರೀನಿವಾಸನ್, ಎಂ.ಜೆ. ತಿರುಮಲಾಚಾರ್ ಮತ್ತು ಎಂ.ಕೆ. ಪಟೇಲ್. ನಡುವಿನ ಹೆಸರಿನವರು ಮೈಸೂರು ಸೀಮೆಯವರು, ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್. ಹುಟ್ಟಿದ್ದು 1914ರಲ್ಲಿ, ತೀರಿಕೊಂಡದ್ದು 1999ರಲ್ಲಿ. ಪೆನಿಸಿಲಿನ್ ಎಂದರೆ ಫ್ಲೆಮಿಂಗ್ ಎಂದು ಹೈಸ್ಕೂಲು ಹುಡುಗರೂ ಹೇಳುತ್ತಾರೆ. ಆದರೆ ಮಣ್ಣಿನಿಂದ ಔಷಧಿ ತೆಗೆದ ಈ ಕನ್ನಡ ನಾಡಿನ ವಿಜ್ಞಾನಿಯ ಹೆಸರು ಕನ್ನಡದ ಓದುಗರಿಗೆ ಅಷ್ಟಾಗಿ ಪರಿಚಯವಿಲ್ಲ. ಇರಬೇಕಾಗಿತ್ತು.

ತಿರುಮಲಾಚಾರ್ ಬ್ಯಾಕ್ಟೀರಿಯಾಗಳ ಕಡೆಗೆ ಬಂದದ್ದು ಬಳಸು ದಾರಿಯಲ್ಲಿ. 1940ರ ದಶಕದಲ್ಲಿ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿದ್ದರು. ಆಗ ಅವರ ಕಣ್ಣು ನೆಟ್ಟಿದ್ದು ತುಕ್ಕು ರೋಗ ಮತ್ತು ಕಾಡಿಗೆ ರೋಗಗಳ ಶಿಲೀಂಧ್ರಗಳ ಮೇಲೆ. ಜೋಳ ಬೆಳೆಯುವವರಿಗೆ ಕಾಡಿಗೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಾಳಿರಬೇಕಾದ ಜಾಗದಲ್ಲಿ ಕರಿ ಪುಡಿ ತುಂಬಿಕೊಂಡ ತೆನೆಯನ್ನು ನೋಡದ ರೈತ ಈ ಜಿಲ್ಲೆಯಲ್ಲಿ ಯಾರಿದ್ದಾರೆ? ಆ ಕರಿ ಪುಡಿಯ ಒಂದೊಂದು ಕಣವೂ ಶಿಲೀಂಧ್ರದ ಬೀಜಾಣು. ಬೀಜಾಣುವಿನ ಆಕಾರ, ಅದರ ಮೈಮೇಲಿನ ಮುಳ್ಳು ಅಥವಾ ಜಾಲರಿ, ಅದು ಮೊಳೆಯುವ ರೀತಿ, ಇವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕುಲವನ್ನು ಗುರುತಿಸುವ ಕೆಲಸದಲ್ಲಿ ತಿರುಮಲಾಚಾರ್ ಪಳಗಿದರು. ಭಾರತದ ಸಸ್ಯರೋಗ ಶಾಸ್ತ್ರದ ದೊಡ್ಡ ಹೆಸರಾದ ಬಿ.ಬಿ. ಮುಂಡ್ಕೂರರ ಜೊತೆಗೂಡಿ ಅವರು ಸಿದ್ಧಪಡಿಸಿದ ಭಾರತದ ಕಾಡಿಗೆ ಶಿಲೀಂಧ್ರಗಳ ಗ್ರಂಥ 1952ರಲ್ಲಿ ಇಂಗ್ಲೆಂಡಿನ ಕ್ಯೂನಲ್ಲಿದ್ದ ಕಾಮನ್‌ವೆಲ್ತ್ ಶಿಲೀಂಧ್ರ ಸಂಸ್ಥೆಯಿಂದ ಪ್ರಕಟವಾಯಿತು. ಮುಂಡ್ಕೂರರು ತೀರಿಕೊಂಡದ್ದೂ ಅದೇ ವರ್ಷ.

ಇಷ್ಟು ವಿವರ ಹೇಳಲು ಕಾರಣವಿದೆ. ರೂಪ ನೋಡಿ ಕುಲ ಹೇಳುವ ಕಣ್ಣು ಅವರದು. ಮುಂದೆ ಅವರ ಸಾಧನೆಗೂ, ಅವರು ಕೊಟ್ಟ ಒಂದು ಹೆಸರು ಬಿದ್ದುಹೋದದ್ದಕ್ಕೂ ಇದೇ ಕಣ್ಣು ಕಾರಣವಾಯಿತು.

ಸ್ವಾತಂತ್ರ್ಯ ಬಂದಾಗ ಪೆನಿಸಿಲಿನ್ ಹೊರದೇಶದಿಂದ ಬರಬೇಕಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಭಾರತ ಸರ್ಕಾರ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆಯನ್ನು ಸ್ಥಾಪಿಸಿತು. ಅದು ಕಂಪನಿಯಾಗಿ ರೂಪುಗೊಂಡದ್ದು 1954ರಲ್ಲಿ. ಅಲ್ಲಿನ ಸಂಶೋಧನಾ ವಿಭಾಗದ ನೇತೃತ್ವ ತಿರುಮಲಾಚಾರ್ ಅವರದಾಯಿತು. ಪರದೇಶದ ತಂತ್ರದಿಂದ ಪೆನಿಸಿಲಿನ್ ತಯಾರಿಸುವುದು ಕಾರ್ಖಾನೆಯ ಕೆಲಸ. ಈ ನೆಲದ ಮಣ್ಣಿನಲ್ಲಿ ಹೊಸ ಔಷಧಿ ಹುಡುಕುವುದು ಸಂಶೋಧಕರ ಕೆಲಸ.

ಮಣ್ಣಿನಲ್ಲಿ ಎಂದರೆ ಎಲ್ಲಿ? ಬೇಸಿಗೆಯ ಕೊನೆಗೆ ಮೊದಲ ಮಳೆ ಬಿದ್ದಾಗ ಎರೆ ಹೊಲದಿಂದ ಏಳುವ ಪರಿಮಳ ನಿಮಗೆಲ್ಲ ಗೊತ್ತು. ಅದು ಬರಿಯ ಮಣ್ಣಿನ ವಾಸನೆಯಲ್ಲ. ಮಣ್ಣಿನಲ್ಲಿರುವ ಆಕ್ಟಿನೋಮೈಸೀಟ್ ಎಂಬ ಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ರಾಸಾಯನಿಕದ ವಾಸನೆ. ಅಮೆರಿಕದ ಗರ್ಬರ್ ಮತ್ತು ಲಶ್ವಾಲಿಯೆ ಎಂಬ ವಿಜ್ಞಾನಿಗಳು 1965ರಲ್ಲಿ ಇದನ್ನು ಬೇರ್ಪಡಿಸಿ ಹೆಸರಿಟ್ಟರು. ಲಶ್ವಾಲಿಯೆ ಎಂಬ ಹೆಸರನ್ನು ನೆನಪಿಡಿ, ಮತ್ತೆ ಬರುತ್ತದೆ. ಈ ಆಕ್ಟಿನೋಮೈಸೀಟುಗಳಲ್ಲಿ ಮುಖ್ಯ ಕುಲ ಸ್ಟ್ರೆಪ್ಟೋಮೈಸಿಸ್. ಕ್ಷಯಕ್ಕೆ ಮೊದಲ ಮದ್ದಾದ ಸ್ಟ್ರೆಪ್ಟೋಮೈಸಿನ್ 1943ರಲ್ಲಿ ಸಿಕ್ಕಿದ್ದು ಇದೇ ಕುಲದ ಒಂದು ಜೀವಿಯಿಂದ. ಈ ಕುಲಕ್ಕೆ ವಾಕ್ಸ್‌ಮನ್ ಮತ್ತು ಹೆನ್ರಿಸಿ ಹೆಸರು ಕೊಟ್ಟದ್ದೂ ಅದೇ ವರ್ಷವೇ.

ಇವು ಮೊದಲಿನಿಂದಲೂ ವಿಜ್ಞಾನಿಗಳನ್ನು ಗೊಂದಲಕ್ಕೆ ಈಡುಮಾಡಿದ ಜೀವಿಗಳು. ಬ್ಯಾಕ್ಟೀರಿಯಾ ಎಂದರೆ ಕೋಲಿನಂತೆಯೋ ಗುಂಡಿನಂತೆಯೋ ಇರುವ ಒಂಟಿ ಕೋಶವೆಂದು ಪಾಠದಲ್ಲಿ ಓದುತ್ತೇವೆ. ಇವು ಹಾಗಿಲ್ಲ. ಬೂಷ್ಟಿನಂತೆ ಎಳೆ ಎಳೆಯಾಗಿ ಕವಲೊಡೆದು ಬೆಳೆಯುತ್ತವೆ, ಎಳೆಯ ತುದಿಯಲ್ಲಿ ಬೀಜಾಣುಗಳ ಸರ ಕಟ್ಟುತ್ತವೆ. ದನಗಳ ದವಡೆಯಲ್ಲಿ ಗಡ್ಡೆ ತರುವ ಇಂಥ ಒಂದು ಜೀವಿಗೆ 1877ರಲ್ಲಿ ಹಾರ್ಟ್ಸ್ ಎಂಬ ಜರ್ಮನ್ ವಿಜ್ಞಾನಿ ಆಕ್ಟಿನೋಮೈಸಿಸ್, ಅಂದರೆ ಕಿರಣ ಶಿಲೀಂಧ್ರ, ಎಂದೇ ಹೆಸರಿಟ್ಟ. ಹೆಸರಿನಲ್ಲೇ ಶಿಲೀಂಧ್ರ ಕುಳಿತುಬಿಟ್ಟಿತು. ಆದರೆ ಇವುಗಳ ಎಳೆ ಶಿಲೀಂಧ್ರದ ಎಳೆಗಿಂತ ಬಹಳ ಸಣ್ಣದು, ಕೋಶದಲ್ಲಿ ಪೊರೆಯಿಂದ ಸುತ್ತುವರಿದ ಕೇಂದ್ರವಿಲ್ಲ, ಕೋಶದ ಗೋಡೆ ಬ್ಯಾಕ್ಟೀರಿಯಾಗಳ ಗೋಡೆಯಂಥದು. 1950ರ ದಶಕದಲ್ಲಿ ಗೋಡೆಯ ರಾಸಾಯನಿಕ ಪರೀಕ್ಷೆಗಳು ಬಂದ ಮೇಲೆ ಸಂಶಯಕ್ಕೆ ಎಡೆ ಉಳಿಯಲಿಲ್ಲ: ಇವು ಬೂಷ್ಟಿನ ವೇಷ ತೊಟ್ಟ ಬ್ಯಾಕ್ಟೀರಿಯಾಗಳು.

ಶಿಲೀಂಧ್ರಗಳಲ್ಲಿ ಪಳಗಿದ ತಿರುಮಲಾಚಾರ್ ಅವರ ಕೈಗೆ ಈ ವೇಷಧಾರಿಗಳು ಸಿಕ್ಕಿದ್ದು ಒಂದು ಯೋಗಾಯೋಗ. ಮಣ್ಣಿನಿಂದ ಬೆಳೆಸಿದ ಒಂದು ಆಕ್ಟಿನೋಮೈಸೀಟಿನಲ್ಲಿ ಅವರಿಗೆ ವಿಚಿತ್ರವಾದುದೊಂದು ಕಂಡಿತು. ಎಳೆಗಳು ಒತ್ತೊತ್ತಾಗಿ ಹೆಣೆದುಕೊಂಡು ಗಟ್ಟಿಯಾದ ಗಂಟುಗಳಾಗಿದ್ದವು. ಶಿಲೀಂಧ್ರಗಳಲ್ಲಿ ಇಂಥ ಗಂಟುಗಳು ಸಾಮಾನ್ಯ. ಸಜ್ಜೆಯ ತೆನೆಗೆ ಎರ್ಗಟ್ ರೋಗ ಬಂದಾಗ ಕಾಳಿನ ಜಾಗದಲ್ಲಿ ಮೂಡುವ ಕಪ್ಪು ಗಟ್ಟಿ ಚೂರು ಅಂಥದೇ; ಅದಕ್ಕೆ ಸ್ಕ್ಲೆರೋಷಿಯಂ ಎನ್ನುತ್ತಾರೆ. ಆದರೆ ಬ್ಯಾಕ್ಟೀರಿಯಾದ ಬಂಧುವೊಂದರಲ್ಲಿ ಸ್ಕ್ಲೆರೋಷಿಯಂ? ಬೇರೆಯವರಾಗಿದ್ದರೆ ಬೆಳೆಸಿದ ತಟ್ಟೆ ಕೆಟ್ಟಿದೆಯೆಂದು ಎಸೆದುಬಿಡುತ್ತಿದ್ದರೇನೋ. ತಿರುಮಲಾಚಾರ್ ಎಸೆಯಲಿಲ್ಲ. ಸ್ಟ್ರೆಪ್ಟೋಮೈಸಿಸ್‌ಗಿಂತ ಇದು ಬೇರೆಯೆಂದು ನಿರ್ಧರಿಸಿ ಹೊಸ ಕುಲವನ್ನೇ ಸ್ಥಾಪಿಸಿದರು. ಪೆನಿಸಿಲಿನ್‌ಗಾಗಿ 1945ರಲ್ಲಿ ಫ್ಲೆಮಿಂಗ್ ಮತ್ತು ಫ್ಲೋರಿ ಜೊತೆ ನೊಬೆಲ್ ಹಂಚಿಕೊಂಡ ಅರ್ನ್ಸ್ಟ್ ಚೇನ್ ಅವರ ಗೌರವಾರ್ಥ ಅದನ್ನು ಚೇನಿಯಾ ಎಂದು ಕರೆದರು. ಮೊದಲ ಪ್ರಭೇದ ಚೇನಿಯಾ ಆಂಟಿಬಯೋಟಿಕಾ. ಈ ವರದಿ 1955ರಲ್ಲಿ ಲಂಡನ್ನಿನ 'ನೇಚರ್' ಪತ್ರಿಕೆಯಲ್ಲಿ ಬಂತು. ಮುಂದಿನ ಹತ್ತು ವರ್ಷಗಳಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಭಾರತದ ಮಣ್ಣಿನಿಂದ ಈ ಕುಲಕ್ಕೆ ಇನ್ನಷ್ಟು ಪ್ರಭೇದಗಳನ್ನು ಸೇರಿಸಿದರು.

ಆಗ ಜಗತ್ತಿನಾದ್ಯಂತ ಇದೇ ಸುಗ್ಗಿ. ಔಷಧ ಕಂಪನಿಗಳು ಹಿಡಿ ಹಿಡಿ ಮಣ್ಣನ್ನು ತರಿಸಿ ಜಾಲಾಡುತ್ತಿದ್ದವು. ಹೊಸ ಔಷಧಿಗೆ ಪೇಟೆಂಟ್ ಬೇಕಾದರೆ ಅದನ್ನು ಕೊಟ್ಟ ಜೀವಿಯೂ ಹೊಸದೆಂದು ತೋರಿಸುವುದು ಅನುಕೂಲ. ಬಣ್ಣ ಸ್ವಲ್ಪ ಬೇರೆಯಾದರೆ ಒಂದು ಹೆಸರು, ಬೀಜಾಣುವಿನ ಸರ ಸ್ವಲ್ಪ ಸುರುಳಿಯಾದರೆ ಮತ್ತೊಂದು ಹೆಸರು. 1970ರ ಸುಮಾರಿಗೆ ಸ್ಟ್ರೆಪ್ಟೋಮೈಸಿಸ್ ಒಂದೇ ಕುಲದಲ್ಲಿ ಪೇಟೆಂಟ್ ಕಾಗದಗಳವೂ ಸೇರಿ ಹೆಸರುಗಳ ಸಂಖ್ಯೆ ಮೂರು ಸಾವಿರ ದಾಟಿತ್ತು. ಲಾಭದ ಲೆಕ್ಕ ವಿಜ್ಞಾನದ ಲೆಕ್ಕದೊಳಗೆ ಕೈ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಪಿಂಪ್ರಿಯ ಸುಗ್ಗಿ ಮಾತ್ರ ಹುಸಿಯಾಗಿರಲಿಲ್ಲ. ತಿರುಮಲಾಚಾರ್ ತಂಡ 1960ರ ದಶಕದ ಆರಂಭದಲ್ಲಿ ಹ್ಯಾಮೈಸಿನ್ ಎಂಬ ಔಷಧಿಯನ್ನು ಹೊರತಂದಿತು. ಪಿಂಪ್ರಿಯ ಹೆಸರನ್ನೇ ಹೊತ್ತ ಸ್ಟ್ರೆಪ್ಟೋಮೈಸಿಸ್ ಪಿಂಪ್ರಿನಾ ಅದರ ಮೂಲ. ಬಾಯಿಯ ಹುಣ್ಣಿನಂಥ ಶಿಲೀಂಧ್ರ ಸೋಂಕುಗಳಿಗೆ ಅದು ಮದ್ದಾಯಿತು. ಗಜಕರ್ಣಕ್ಕೆ ಡರ್ಮೋಸ್ಟಾಟಿನ್, ಬೆಳೆಗಳ ಶಿಲೀಂಧ್ರ ರೋಗಕ್ಕೆ ಆರಿಯೋಫಂಗಿನ್ ಬಂದವು. ಆಗತಾನೆ ಸ್ವತಂತ್ರವಾದ ಬಡ ದೇಶದ ಸರ್ಕಾರಿ ಕಾರ್ಖಾನೆಯೊಂದು ಪರದೇಶದ ಔಷಧಿಯ ನಕಲು ಮಾಡುವುದಕ್ಕಷ್ಟೇ ನಿಲ್ಲದೆ ತನ್ನದೇ ಔಷಧಿಗಳನ್ನು ಕಂಡುಹಿಡಿಯಿತು ಎಂಬುದನ್ನು ಇಂದಿಗೂ ಹೆಮ್ಮೆಯಿಂದ ಹೇಳಬಹುದು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಹ್ಯಾಮೈಸಿನ್ ಶಿಲೀಂಧ್ರವನ್ನು ಕೊಲ್ಲುತ್ತದೆ, ಬ್ಯಾಕ್ಟೀರಿಯಾವನ್ನು ಮುಟ್ಟುವುದಿಲ್ಲ. ಶಿಲೀಂಧ್ರದ ಕೋಶದ ಪೊರೆಯಲ್ಲಿ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಇದೆ. ಔಷಧಿ ಅದಕ್ಕೆ ಅಂಟಿಕೊಂಡು ಪೊರೆಯನ್ನು ತೂತು ಮಾಡುತ್ತದೆ. ಬ್ಯಾಕ್ಟೀರಿಯಾದ ಪೊರೆಯಲ್ಲಿ ಅದು ಇಲ್ಲ. ಸ್ಟ್ರೆಪ್ಟೋಮೈಸಿನ್‌ದು ತಿರುಗುಮುರುಗು. ಬ್ಯಾಕ್ಟೀರಿಯಾದೊಳಗೆ ಪ್ರೋಟೀನು ತಯಾರಿಸುವ ರೈಬೋಸೋಮ್ ಎಂಬ ಯಂತ್ರದ ಹಲ್ಲಿಗೆ ಅದು ಕಡ್ಡಿ ಸಿಕ್ಕಿಸುತ್ತದೆ. ಶಿಲೀಂಧ್ರದ ಯಂತ್ರ ಬೇರೆ ಮಾದರಿಯದು, ಆ ಕಡ್ಡಿ ಅದಕ್ಕೆ ಹೊಂದುವುದಿಲ್ಲ. 'ಯಾರ ಪೈಕಿ' ಎಂಬ ಪ್ರಶ್ನೆಗೆ ಉತ್ತರ ತಪ್ಪಿದರೆ ಔಷಧಿಯೂ ತಪ್ಪುತ್ತದೆ ಎಂದು ಆರಂಭದಲ್ಲಿ ಹೇಳಿದ್ದು ಇದಕ್ಕೇ.

ಈಗ ಭತ್ತದ ಎಲೆಗೆ ಮರಳೋಣ. ಈ ರೋಗವನ್ನು ಮೊದಲು ಗುರುತಿಸಿದವರು ಜಪಾನಿನ ಫುಕುವೋಕಾ ಪ್ರಾಂತದ ರೈತರು, 1884ರಲ್ಲಿ. ಎಲೆಯ ಮೇಲಿನ ಮಸುಕು ಹನಿಯನ್ನು ಪರೀಕ್ಷಿಸಿದಾಗ ಅದು ಹುಳಿಯಾಗಿತ್ತು. ಹಾಗಾಗಿ ನೆಲದ ಹುಳಿಯೇ ರೋಗಕ್ಕೆ ಕಾರಣವೆಂದು ಬಹುಕಾಲ ನಂಬಿದ್ದರು. 1909ರಲ್ಲಿ ತಕಾಯಿಶಿ ಎಂಬವರು ಆ ಹನಿಯಲ್ಲಿ ಬ್ಯಾಕ್ಟೀರಿಯಾಗಳ ಹಿಂಡನ್ನೇ ಕಂಡರು. 1911ರಲ್ಲಿ ಬೊಕುರಾ ಅದನ್ನು ಬೇರ್ಪಡಿಸಿ ಬೆಳೆಸಿದರು. ಬ್ಯಾಸಿಲಸ್ ಒರೈಜೆ ಎಂದು ಹೆಸರಾಯಿತು. ಒರೈಜ ಎಂದರೆ ಭತ್ತ. 1922ರಲ್ಲಿ ಇಶಿಯಾಮ ಅದನ್ನು ಸ್ಯೂಡೊಮೊನಾಸ್ ಕುಲಕ್ಕೆ ಸೇರಿಸಿದರು. ಗಿಡಗಳಿಗೆ ರೋಗ ತರುವ, ತಟ್ಟೆಯಲ್ಲಿ ಹಳದಿಯಾಗಿ ಬೆಳೆಯುವ ಬ್ಯಾಕ್ಟೀರಿಯಾಗಳಿಗಾಗಿ ಇಂಗ್ಲೆಂಡಿನ ಡೌಸನ್ 1939ರಲ್ಲಿ ಕ್ಸಾಂಥೋಮೊನಾಸ್ ಎಂಬ ಕುಲವನ್ನು ಕಟ್ಟಿ, 1943ರಲ್ಲಿ ಭತ್ತದ ರೋಗಾಣುವನ್ನೂ ಅದರೊಳಗೆ ಸೇರಿಸಿದರು. ಕ್ಸಾಂಥೋಸ್ ಎಂದರೆ ಗ್ರೀಕಿನಲ್ಲಿ ಹಳದಿ. ಅಲ್ಲಿಗೆ ಮುಗಿಯಲಿಲ್ಲ. ಇಂಡೊನೇಷ್ಯಾದಲ್ಲಿ ನಾಟಿ ಮಾಡಿದ ಸಸಿ ಬಾಡಿ ಸಾಯುವ ಕ್ರೆಸೆಕ್ ಎಂಬ ರೋಗ 1950ರಲ್ಲಿ ವರದಿಯಾಯಿತು. ಅದಕ್ಕೆ ಬೇರೆ ಬ್ಯಾಕ್ಟೀರಿಯಾ ಕಾರಣವೆಂದು ಬೇರೆ ಹೆಸರು ಕೊಟ್ಟರು. ಸಸಿಯನ್ನು ಕೊಲ್ಲುವುದೂ ಎಲೆಯನ್ನು ಸುಡುವುದೂ ಒಂದೇ ಜೀವಿ ಎಂದು ಜಪಾನಿನ ಗೋಟೊ 1964ರಲ್ಲಿ ತೋರಿಸಿದ ಮೇಲೆ ಆ ಹೆಸರು ಬಿತ್ತು.

ಭಾರತದಲ್ಲಿ ಈ ರೋಗವನ್ನು ಮೊದಲು ಕಂಡದ್ದು ಈಗಿನ ಮಹಾರಾಷ್ಟ್ರದಲ್ಲಿ, 1951ರಲ್ಲಿ. ಕಂಡ ಮಾತ್ರಕ್ಕೆ ಸಾಲದು. ರೋಗದ ಎಲೆಯಿಂದ ಜೀವಿಯನ್ನು ಬೇರ್ಪಡಿಸಬೇಕು, ಶುದ್ಧವಾಗಿ ಬೆಳೆಸಬೇಕು, ಆರೋಗ್ಯವಂತ ಗಿಡಕ್ಕೆ ಚುಚ್ಚಿ ಅದೇ ರೋಗ ಬರಿಸಬೇಕು, ಆ ಗಿಡದಿಂದ ಮತ್ತೆ ಅದೇ ಜೀವಿಯನ್ನು ಹೊರತೆಗೆಯಬೇಕು. ಆಮೇಲೆ ಮಾತ್ರ 'ಇದೇ ಅಪರಾಧಿ' ಎನ್ನಬಹುದು. 1959ರ ಟಿಪ್ಪಣಿಗೆ ಬೆಲೆ ಬಂದದ್ದು ನಾಲ್ಕೇ ವರ್ಷಗಳ ನಂತರ. 1963ರಲ್ಲಿ ಬಿಹಾರದಲ್ಲಿ ಈ ರೋಗ ಸಾಂಕ್ರಾಮಿಕವಾಗಿ ಹಬ್ಬಿ ಬೆಳೆ ಹಾಳಾದಾಗ ಶತ್ರುವಿನ ಹೆಸರು ಆಗಲೇ ಗೊತ್ತಿತ್ತು. ಅದರ ಬೆನ್ನಿಗೇ ಗಿಡ್ಡ ತಳಿಗಳು ಬಂದವು, ಯೂರಿಯಾ ಬಂತು, ಕಾಲುವೆ ನೀರು ಬಂತು. ತುಂಗಭದ್ರೆಯ ಎಡದಂಡೆ ಕಾಲುವೆ ಜೋಳ, ಹತ್ತಿಯ ಎರೆ ಭೂಮಿಯನ್ನು ಭತ್ತದ ಮಡಿಯಾಗಿ ಬದಲಿಸಿತು. ಬರಗಾಲದ ಸೀಮೆಗೆ ಅನ್ನ ಬಂದದ್ದು ಸಣ್ಣ ಮಾತಲ್ಲ. ಆದರೆ ನೀರು ನಿಂತ ನೆಲ, ಮೇಲಿಂದ ಮೇಲೆ ಭತ್ತ, ಕೈ ಬಿಟ್ಟು ಸುರಿದ ಯೂರಿಯಾ, ಇವು ಅಂಗಮಾರಿಯ ದುಂಡಾಣುವಿಗೂ ಹಬ್ಬವೇ.

ಆ 1959ರ ಟಿಪ್ಪಣಿಯ ಮೂರನೆಯ ಲೇಖಕ ಎಂ.ಕೆ. ಪಟೇಲ್ ಪುಣೆಯಲ್ಲಿ ಕ್ಸಾಂಥೋಮೊನಾಸ್‌ಗಳ ಬೆನ್ನು ಹತ್ತಿದವರು. ಅವರೂ ಅವರ ಶಿಷ್ಯರೂ 1948ರಿಂದ ಮುಂದೆ ಮಾವು, ತೊಗರಿ, ಹುಣಿಸೆ, ವೀಳ್ಯದೆಲೆ, ಮದರಂಗಿ ಎಂದು ಗಿಡಗಿಡದ ಬ್ಯಾಕ್ಟೀರಿಯಾಕ್ಕೂ ಒಂದೊಂದು ಪ್ರಭೇದದ ಹೆಸರು ಕೊಟ್ಟರು. ದಾಳಿಂಬೆಯದಕ್ಕೆ ದೆಹಲಿಯ ಹಿಂಗೊರಾಣಿ ಮತ್ತು ಸಿಂಗ್ 1959ರಲ್ಲಿ ಕ್ಸಾಂಥೋಮೊನಾಸ್ ಪ್ಯೂನಿಸೆ ಎಂದರು. ಕೊಪ್ಪಳ, ವಿಜಯಪುರ, ಬಾಗಲಕೋಟೆಯ ದಾಳಿಂಬೆ ತೋಟಗಳನ್ನು ಬುಡಮೇಲು ಮಾಡಿದ ಅಂಗಮಾರಿ ಇದೇ. ಆಗಿನ ತತ್ವ ಸರಳವಾಗಿತ್ತು: ಯಾವ ಗಿಡವೋ ಆ ಹೆಸರು. ಇದರಿಂದ ಕ್ಸಾಂಥೋಮೊನಾಸ್ ಪ್ರಭೇದಗಳು ನೂರು ದಾಟಿದವು. ತಟ್ಟೆಯಲ್ಲಿ ಬೆಳೆಸಿ ಪಕ್ಕ ಪಕ್ಕ ಇಟ್ಟರೆ ಅವುಗಳಲ್ಲಿ ಬಹುಪಾಲಿನ ನಡುವೆ ಗಿಡದ ಹೆಸರು ಬಿಟ್ಟರೆ ಬೇರೆ ವ್ಯತ್ಯಾಸವೇ ಕಾಣದು. ವಾಸಿಸುವ ಮನೆ ನೋಡಿ ಮನೆತನ ಹೇಳಿದಂತಾಗಿತ್ತು ಅದು.

1970ರ ದಶಕದಲ್ಲಿ ಲೆಕ್ಕ ಚುಕ್ತಾ ಮಾಡುವ ಕಾಲ ಬಂತು. ಬ್ಯಾಕ್ಟೀರಿಯಾ ತಜ್ಞರ ಪಾಲಿಗೆ ಪ್ರಮಾಣ ಗ್ರಂಥವಾದ ಬರ್ಜಿಯ ಕೈಪಿಡಿ 1974ರ ಆವೃತ್ತಿಯಲ್ಲಿ ಕ್ಸಾಂಥೋಮೊನಾಸ್‌ನ ಪ್ರಭೇದಗಳನ್ನು ಐದಕ್ಕೆ ಇಳಿಸಿತು. ಹಾಗೆ ಇಳಿಸಿದರೆ ರೈತನಿಗೆ ತೊಂದರೆ: ಹುಣಿಸೆಯದೂ ಭತ್ತದ್ದೂ ಒಂದೇ ಹೆಸರಾದರೆ ಯಾವುದು ಯಾವ ಬೆಳೆಯನ್ನು ಕೆಡಿಸುತ್ತದೆಂದು ತಿಳಿಯುವುದು ಹೇಗೆ? ಅದಕ್ಕೆ ನ್ಯೂಜಿಲೆಂಡಿನ ಡೈ ಮತ್ತು ಸಂಗಡಿಗರು ಪ್ರಭೇದದ ಕೆಳಗೆ 'ಪ್ಯಾಥೊವಾರ್' ಎಂಬ ಮೂರನೆಯ ಹೆಸರನ್ನು ತಂದರು. ಒಂದೇ ಮನೆತನ, ಆದರೆ ಈತ ಭತ್ತದ ಕಳ್ಳ, ಆತ ಹುಣಿಸೆಯ ಕಳ್ಳ ಎಂದು ಗುರುತಿಟ್ಟಂತೆ. 1980ರ ಜನವರಿ 1ರಂದು ಇಡೀ ಬ್ಯಾಕ್ಟೀರಿಯಾ ಲೋಕಕ್ಕೇ ಹೊಸ ಖಾತೆ ತೆರೆಯಲಾಯಿತು. ಅಂತರರಾಷ್ಟ್ರೀಯ ಸಮಿತಿ ಅಂಗೀಕೃತ ಹೆಸರುಗಳ ಪಟ್ಟಿಯನ್ನು ಪ್ರಕಟಿಸಿತು. ಅದುವರೆಗೆ ಬಳಕೆಯಲ್ಲಿದ್ದ ಸುಮಾರು ಮೂವತ್ತು ಸಾವಿರ ಹೆಸರುಗಳಲ್ಲಿ ಉಳಿದದ್ದು ಎರಡೂವರೆ ಸಾವಿರದಷ್ಟು. ಇಷ್ಟು ದೊಡ್ಡ ಸಾಲಮನ್ನಾ ಬೇರೆ ಯಾವ ಶಾಸ್ತ್ರದಲ್ಲೂ ಆಗಿರಲಾರದು!

ಆಮೇಲೆ ವಂಶವಾಹಿಯನ್ನೇ ಓದುವ ಕಾಲ ಬಂತು. ಅಮೆರಿಕದ ಕಾರ್ಲ್ ವೋಸ್ ರೈಬೋಸೋಮಿನ ಆರ್‌ಎನ್‌ಎಯನ್ನು ಹೋಲಿಸಿ, ಬ್ಯಾಕ್ಟೀರಿಯಾದಂತೆ ಕಾಣುವ ಕೆಲವು ಜೀವಿಗಳು ಬ್ಯಾಕ್ಟೀರಿಯಾವೇ ಅಲ್ಲವೆಂದು 1977ರಲ್ಲಿ ಹೇಳಿದ್ದರು. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಸ್ವಿಂಗ್ಸ್ ಮತ್ತು ಸಂಗಡಿಗರು 1990ರಲ್ಲಿ ಭತ್ತದ ರೋಗಾಣುವನ್ನು ಮತ್ತೆ ಸ್ವತಂತ್ರ ಪ್ರಭೇದವಾಗಿಸಿದರು. ಇಂದಿನ ಹೆಸರು ಕ್ಸಾಂಥೋಮೊನಾಸ್ ಒರೈಜೆ, ಪ್ಯಾಥೊವಾರ್ ಒರೈಜೆ. ಡಿಎನ್ಎ ಹೋಲಿಕೆಯಿಂದ ಗೆಂಟ್‌ನವರೇ 1995ರಲ್ಲಿ ಇಡೀ ಕುಲವನ್ನು ಇಪ್ಪತ್ತು ಪ್ರಭೇದಗಳಾಗಿ ಹೊಸದಾಗಿ ಹಂಚಿದರು. ಎಲೆಯ ಮೇಲಿನ ಹಾಲು ಹನಿ ಮಾತ್ರ 1909ರಲ್ಲಿ ಕಂಡದ್ದೇ.

ಚೇನಿಯಾದ ಗತಿ ಏನಾಯಿತು? ಜಿಯೋಸ್ಮಿನ್‌ನ ಲಶ್ವಾಲಿಯೆ ಇಲ್ಲಿ ಮರಳಿ ಬರುತ್ತಾರೆ. ಹ್ಯೂಬರ್ಟ್ ಲಶ್ವಾಲಿಯೆ ಮತ್ತು ಅವರ ಪತ್ನಿ ಮೇರಿ ಇಬ್ಬರೂ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಆಕ್ಟಿನೋಮೈಸೀಟುಗಳ ಕೋಶದ ಗೋಡೆಯನ್ನು ಕರಗಿಸಿ ಅದರಲ್ಲಿನ ಆಮ್ಲಗಳನ್ನು, ಸಕ್ಕರೆಗಳನ್ನು ವಿಂಗಡಿಸಿ ಗುಂಪು ಮಾಡಿದರು. ಆ ಪರೀಕ್ಷೆಯಲ್ಲಿ ಚೇನಿಯಾದ ಗೋಡೆಯೂ ಸ್ಟ್ರೆಪ್ಟೋಮೈಸಿಸ್‌ನ ಗೋಡೆಯೂ ಒಂದೇ ಬಗೆಯವೆಂದು ತಿಳಿಯಿತು. ಗಂಟು ಕಟ್ಟುವುದು ನಿಜ, ಆದರೆ ಅದೊಂದರಿಂದಲೇ 'ಬೇರೆ ಮನೆತನ' ಎನ್ನುವಂತಿರಲಿಲ್ಲ. ಅಮೆರಿಕದ ಪ್ರಿಡಮ್ 1970ರಲ್ಲೇ ಚೇನಿಯಾ ಆಂಟಿಬಯೋಟಿಕಾವನ್ನು ಸ್ಟ್ರೆಪ್ಟೋಮೈಸಿಸ್‌ಗೆ ಸೇರಿಸಿದ್ದರು. ಇಂಗ್ಲೆಂಡಿನ ಗುಡ್‌ಫೆಲೊ, ವಿಲಿಯಮ್ಸ್ ಮತ್ತು ಆಲ್ಡರ್ಸನ್ 1986ರಲ್ಲಿ ಚೇನಿಯಾ ಪ್ರಭೇದಗಳನ್ನು ಸ್ಟ್ರೆಪ್ಟೋಮೈಸಿಸ್ ಕುಲಕ್ಕೆ ವರ್ಗಾಯಿಸಿದರು. ಮೂವತ್ತೊಂದು ವರ್ಷ ಬಾಳಿದ ಕುಲ ಅಲ್ಲಿಗೆ ಮುಗಿಯಿತು. ಆಗ ತಿರುಮಲಾಚಾರ್‌ಗೆ ಎಪ್ಪತ್ತೆರಡರ ಹತ್ತಿರ. ಪಿಂಪ್ರಿಯ ಕೆಲಸ ಮುಗಿಸಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತಾವೇ ಸೇರಿ ಕಟ್ಟಿದ ಸಂಸ್ಥೆಯ ಮೂಲಕ ಆಲೂಗಡ್ಡೆಯನ್ನು ಗಡ್ಡೆಯ ಬದಲು ನಿಜವಾದ ಬೀಜದಿಂದಲೇ ಬೆಳೆಯುವ ವಿಧಾನದ ಕಡೆಗೆ ಅವರು ಹೊರಳಿದ್ದರು.

ಇದನ್ನು ಸೋಲೆಂದು ಕರೆಯುವವರಿದ್ದಾರೆ. ಅದು ಅವಸರದ ಮಾತು. 1955ರಲ್ಲಿ ಗೋಡೆಯ ಪರೀಕ್ಷೆ ಇನ್ನೂ ಕಣ್ಣು ಬಿಡುತ್ತಿತ್ತು, ವಂಶವಾಹಿಯ ಓದು ಕನಸಿನಲ್ಲೂ ಇರಲಿಲ್ಲ. ಇದ್ದ ಸಾಧನ ಸೂಕ್ಷ್ಮದರ್ಶಕ, ಕಂಡ ಸಾಕ್ಷ್ಯ ಗಂಟು. ಪೇಟೆಂಟಿಗಾಗಿ ಬಣ್ಣ ನೋಡಿ ಹೆಸರಿಟ್ಟ ಸಾವಿರಾರು ಪ್ರಭೇದಗಳಿಗೂ, ನಿಜವಾದ ರಚನೆಯೊಂದನ್ನು ಕಂಡು ಕೊಟ್ಟ ಚೇನಿಯಾಕ್ಕೂ ಒಂದೇ ತಕ್ಕಡಿ ಸಲ್ಲದು.

ರೈತರಿಗೆ ಹತ್ತಿರದ ಮಾತೊಂದು ಬಾಕಿ ಇದೆ. ಅಂಗಮಾರಿಗೆ ಈ ಭಾಗದ ಅಂಗಡಿಗಳಲ್ಲಿ ವರ್ಷಗಟ್ಟಲೆ ಮಾರಿದ್ದು ಸ್ಟ್ರೆಪ್ಟೋಸೈಕ್ಲಿನ್ ಎಂಬ 6 ಗ್ರಾಂ ಪೊಟ್ಟಣ. ಸ್ಟ್ರೆಪ್ಟೋಮೈಸಿನ್ ಒಂಬತ್ತು ಪಾಲು, ಟೆಟ್ರಾಸೈಕ್ಲಿನ್ ಒಂದು ಪಾಲು. ತಯಾರಿಸಿದ್ದು ಅದೇ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್. ಕುಲ ತಿಳಿದು ಕೊಟ್ಟ ಔಷಧಿ ನಿಜ. ಆದರೆ ರೋಗಾಣು ಎಲೆಯ ನೀರಿನ ನಾಳದೊಳಗೆ ಹೊಕ್ಕ ಮೇಲೆ ಮೇಲಿಂದ ಹೊಡೆದದ್ದು ಒಳಗೆ ಮುಟ್ಟುವುದು ಕಷ್ಟ. ಭತ್ತದಲ್ಲಿ ಇದರ ಗುಣ ಯಾವಾಗಲೂ ಅಷ್ಟಕ್ಕಷ್ಟೇ. ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದು. ಸ್ಟ್ರೆಪ್ಟೋಮೈಸಿನ್ ಕ್ಷಯದ ಮದ್ದೂ ಹೌದು. ಗದ್ದೆ, ತೋಟಗಳಲ್ಲಿ ಅದನ್ನು ಚೆಲ್ಲಾಡಿದರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಹುಟ್ಟುತ್ತವೆ, ಆ ಬಗ್ಗದ ಗುಣ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಕೃಷಿಯಲ್ಲಿ ಈ ಮಿಶ್ರಣವನ್ನು ಹಂತಹಂತವಾಗಿ ನಿಲ್ಲಿಸುವ ಕರಡು ಆದೇಶ ಹೊರಡಿಸಿದ್ದು ಇದೇ ಕಾರಣಕ್ಕೆ.

ಬದಲು ದಾರಿ ತಳಿಯದು. ಸಿಂಧನೂರು, ಗಂಗಾವತಿಗಳಲ್ಲಿ ಸೋನಾ ಮಸೂರಿಯೆಂದು ಬೆಳೆಯುವ ಬಿಪಿಟಿ 5204 ಅಂಗಮಾರಿಗೆ ಬೇಗ ತುತ್ತಾಗುವ ತಳಿ. ಕಾಡು ಭತ್ತವೊಂದರಿಂದ ಬಂದ ಎಕ್ಸ್ಎ 21 ಎಂಬ ನಿರೋಧಕ ವಂಶವಾಹಿಯನ್ನೂ, ಜೊತೆಗೆ ಇನ್ನೆರಡನ್ನೂ ಇದೇ ತಳಿಗೆ ಸೇರಿಸಿ ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ ಮತ್ತು ಸಿಸಿಎಂಬಿ ವಿಜ್ಞಾನಿಗಳು ರೂಪಿಸಿದ ಸುಧಾರಿತ ಸಾಂಬಾ ಮಸೂರಿ 2008ರಲ್ಲಿ ಬಿಡುಗಡೆಯಾಯಿತು. ಇಲ್ಲೂ ಒಂದರ ಬದಲು ಮೂರು ವಂಶವಾಹಿ ಇಟ್ಟದ್ದು ಯಾಕೆಂದರೆ ರೋಗಾಣುವಿನಲ್ಲೂ ಒಳಪಂಗಡಗಳಿವೆ. ಒಂದು ಬೀಗವನ್ನು ತೆರೆಯಬಲ್ಲದ್ದು ಇನ್ನೊಂದನ್ನು ತೆರೆಯಲಾರದು.

ಮನೆಗೆ ಹೋದ ಮೇಲೆ ಮಾಡಿ ನೋಡಬಹುದಾದ ಒಂದು ಪರೀಕ್ಷೆ ಹೇಳಿ ಮುಂದಕ್ಕೆ ಹೋಗಬಹುದು. ಎಲೆ ಸುಡುತ್ತಿರುವುದು ಕಂಡರೆ ಅಂಗಡಿಗೆ ಓಡುವ ಮುನ್ನ, ಹಸಿರೂ ಹಳದಿಯೂ ಕೂಡುವ ಜಾಗದಲ್ಲಿ ಎಲೆಯನ್ನು ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿ ಅಲುಗಾಡದಂತೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ತುದಿಯಿಂದ ಹೊಗೆಯ ಎಳೆಯಂತೆ ಬಿಳಿ ದ್ರವ ಇಳಿದರೆ ಅದು ಬ್ಯಾಕ್ಟೀರಿಯಾ. ಬೆಂಕಿ ರೋಗದ ಎಲೆಯಿಂದ ಹಾಗೆ ಇಳಿಯುವುದಿಲ್ಲ. ಕಂಡದ್ದನ್ನು ಕೃಷಿ ಅಧಿಕಾರಿಗೆ ಹೇಳಿ ಔಷಧಿ ಕೇಳಿದರೆ ತಪ್ಪು ಡಬ್ಬಿ ಮನೆಗೆ ಬರುವುದು ತಪ್ಪುತ್ತದೆ.

ತಿರುಮಲಾಚಾರ್ ಬೆಳೆಸಿದ ಆ ಮೊದಲ ಚೇನಿಯಾ ಇಂದಿಗೂ ಇದೆ. ಜಗತ್ತಿನ ಸೂಕ್ಷ್ಮಜೀವಿ ಸಂಗ್ರಹಾಲಯಗಳಲ್ಲಿ ಅದನ್ನು ಒಣಗಿಸಿ ಗಾಜಿನ ಕೊಳವೆಗಳಲ್ಲಿ ಮುಚ್ಚಿಟ್ಟಿದ್ದಾರೆ. ಬೇಕಾದವರು ತರಿಸಿ ಬೆಳೆಸಬಹುದು. ಸ್ಟ್ರೆಪ್ಟೋಮೈಸಿಸ್ ಆಂಟಿಬಯೋಟಿಕಸ್ ಎಂಬ ಹೆಸರು ಬೇರೊಂದು ಜೀವಿಗೆ ಮೊದಲೇ ಸಂದಿದ್ದರಿಂದ ಇದಕ್ಕೆ ಬೇರೆ ಹೆಸರು ಬೇಕಾಯಿತು. ಪ್ರಿಡಮ್ ಆರಿಸಿದ್ದು ಸ್ಟ್ರೆಪ್ಟೋಮೈಸಿಸ್ ಸ್ಕ್ಲೆರೋಷಿಯಾಲಸ್, ಅಂದರೆ ಗಂಟು ಕಟ್ಟುವ ಸ್ಟ್ರೆಪ್ಟೋಮೈಸಿಸ್. ಜೀವಿಯನ್ನು ಹೊಸ ಕುಲಕ್ಕೆ ಸಾಗಿಸಿದಾಗ ಮೊದಲು ಹೆಸರಿಟ್ಟವರನ್ನು ಕಂಸದೊಳಗೆ ಬರೆಯಬೇಕೆಂಬುದು ನಾಮಕರಣದ ನಿಯಮ. ಹಾಗಾಗಿ ಆ ಕೊಳವೆಯ ಜೀವಿಯ ಪೂರ್ಣ ಹೆಸರನ್ನು ಎಲ್ಲಿ ಬರೆದರೂ ಹೀಗೆ ಬರೆಯುತ್ತಾರೆ: ಸ್ಟ್ರೆಪ್ಟೋಮೈಸಿಸ್ ಸ್ಕ್ಲೆರೋಷಿಯಾಲಸ್ (ತಿರುಮಲಾಚಾರ್ 1955) ಪ್ರಿಡಮ್ 1970.